ಆರು ತಿಂಗಳಿಗೊಮ್ಮೆ ಅಣ್ಣ ಹೋಗುತ್ತಿದ್ದ ಜಾಗ

ಅಮ್ಮ ತೀರಿಕೊಂಡ ವರ್ಷ ಅಣ್ಣ ಊರಿಗೆ ಬಂದು ನನ್ನನ್ನು ಕಲ್ಕತ್ತಕ್ಕೆ ಕರಕೊಂಡು ಹೋದ. ಲೇಕ್ ಮಾರ್ಕೆಟ್ ಹತ್ತಿರ ಅಪ್ಪನದ್ದೊಂದು ಸಣ್ಣ ಹೋಟೆಲ್ ಇತ್ತು. ಅಣ್ಣ ಆಗಲೇ ಅಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ. ನಾನಿನ್ನೂ ಪ್ರೈಮರಿ ಶಾಲೆಯವನು. ಅಪ್ಪ ಮಾತು ಕಡಿಮೆಯ ಮನುಷ್ಯ. ಬೆಳಗಾದರೆ ಹೋಟೆಲು, ಕತ್ತಲಾದರೆ ನಿದ್ರೆ. ಹಾಗಾಗಿ ನನ್ನನ್ನು ಶಾಲೆಗೆ ಸೇರಿಸಿದ್ದು, ಓಡುವ ಟ್ರಾಮಿನಿಂದ ಇಳಿಯುವುದನ್ನು ಕಲಿಸಿದ್ದು, ಟೈಫಾಯಿಡ್ ಬಂದಾಗ ಮಗ್ಗುಲಲ್ಲಿ ಕೂತು ಗಂಜಿ ಕುಡಿಸಿದ್ದು ಎಲ್ಲ ಅಣ್ಣನೇ. ನನಗೆ ಹೆಣ್ಣು ನೋಡಿದವನೂ ಅವನೇ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಹೇಳಹೊರಟಿರುವುದು ಯಾರೋ ಒಬ್ಬ ಕೆಟ್ಟ ಅಣ್ಣನ ಕತೆ ಅಂತ ಆದೀತು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಅಮ್ಮನಿಗೆ ಏನಾಗಿತ್ತು ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಕಾಮಾಲೆ ಅಂದರು, ಸೊಪ್ಪು ಅರೆದು ಕುಡಿಸಿದರು, ಅಷ್ಟೆ. ನಮ್ಮಿಬ್ಬರ ನಡುವೆ ಒಬ್ಬಳು ಅಕ್ಕ ಇದ್ದಾಳೆ. ಅವಳು ಅಜ್ಜಿಯ ಹತ್ತಿರ ಊರಲ್ಲೇ ಉಳಿದಳು, ಕುಂದಾಪುರದ ಕಡೆ ಮದುವೆಯಾದಳು.

ಅಪ್ಪನ ನಂತರ ಹೋಟೆಲು ನಮ್ಮಿಬ್ಬರ ಕೈಗೆ ಬಂತು. ಅಡುಗೆಮನೆ ಅಣ್ಣನದು, ಗಲ್ಲಾ ನನ್ನದು. ಕೆಲಸದವರು ಅವನನ್ನು ಬೋಡ್ದಾ ಅನ್ನುತ್ತಾರೆ, ನನ್ನನ್ನು ಛೋಡ್ದಾ, ಅಂದರೆ ದೊಡ್ಡಣ್ಣ, ಚಿಕ್ಕಣ್ಣ. ಅಣ್ಣ ಗಿರಾಕಿಗಳ ಮುಂದೆ ಬರುವುದೇ ಅಪರೂಪ. ನನಗೆ ಮಾತಿಲ್ಲದೆ ಆಗುವುದಿಲ್ಲ. ಯಾರ ಮಗಳಿಗೆ ಪರೀಕ್ಷೆ, ಯಾರ ಮನೆಯಲ್ಲಿ ಬಾಡಿಗೆಯವರ ಜಗಳ, ಎಲ್ಲ ನನಗೆ ಗೊತ್ತು. ಬೆಹಾಲಾದಲ್ಲಿ ಒಂದೇ ಕಟ್ಟಡದಲ್ಲಿ ಮೇಲಿನ ಫ್ಲ್ಯಾಟು ಅಣ್ಣನದು, ಕೆಳಗಿನದು ನಮ್ಮದು. ಸಂಜೆ ಮೇಲಿನಿಂದ ಸಾರು ಇಳಿಯುತ್ತದೆ, ಕೆಳಗಿನಿಂದ ಪಲ್ಯ ಹತ್ತುತ್ತದೆ. ಹಾಗೆ ಬದುಕಿದವರು ನಾವು.

ಒಂದು ವರ್ಷ ದುರ್ಗಾಪೂಜೆ ಮುಗಿದ ಮೇಲೆ ನನ್ನ ಬಲಪಕ್ಕೆಯ ಕೆಳಗೆ ಒಂದು ಭಾರ ಶುರುವಾಯಿತು. ನೋವಲ್ಲ, ಯಾರೋ ಒಳಗಿನಿಂದ ಮೊಣಕೈ ಊರಿದ ಹಾಗೆ. ಪ್ಯಾಂಟು ಸಡಿಲವಾಯಿತು. ಗ್ಯಾಸು ಅಂತ ಮಾತ್ರೆ ನುಂಗಿದೆ. ಹೆಂಡತಿ ಬಿಡಲಿಲ್ಲ, ಪಾಡಾದ, ಅಂದರೆ ನಮ್ಮ ಕೇರಿಯ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಹೊಟ್ಟೆ ಒತ್ತಿ ನೋಡಿ, ಸೋನೋಗ್ರಫಿ ಮಾಡಿಸಿ ಅಂದರು.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸೆಂಟರ್ ಉಂಟು. ಹೆಂಡತಿ ಅಲ್ಲಿಗೇ ಹೋಗುವ ಅಂದಳು. ಅಣ್ಣ ಬೇಡವೇ ಬೇಡ ಅಂದ.

"ಅಲ್ಲಿ ಮೆಷಿನ್ ಹಳೇದು ಮಾರಾಯ. ಗಡಿಯಾಹಾಟ್‌ನಲ್ಲಿ ಒಳ್ಳೇದುಂಟು. ನಾನೇ ಕರಕೊಂಡು ಹೋಗ್ತೇನೆ."

ಬೆಳಗಿನ ಗಿರಾಕಿಗಳನ್ನು ಬಿಟ್ಟು ಅಣ್ಣ ಎಲ್ಲಿಗೂ ಹೋಗುವವನಲ್ಲ. ನನಗಾಗಿ ಕಾವಲಿ ಬಿಟ್ಟು ಬಂದನಲ್ಲ ಅಂತ ನಾನು ಹಿಗ್ಗಿದೆ.

ಗಡಿಯಾಹಾಟ್‌ನ ಆ ಕತ್ತಲೆ ಕೋಣೆಯಲ್ಲಿ ಡಾಕ್ಟರಮ್ಮ ತಣ್ಣಗಿನ ಜೆಲ್ ಹಚ್ಚಿ, ಬಲಪಕ್ಕೆಯ ಒಂದೇ ಕಡೆ ಮತ್ತೆ ಮತ್ತೆ ಒತ್ತಿ ನೋಡಿದರು. ಲಿವರಿನಲ್ಲಿ ಒಂದು ಗಂಟು ಇದೆ, ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಅಂದರು.

ಬೈಪಾಸ್ ಕಡೆಯ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಕೈಗೆ ಸೂಜಿ ಹಾಕಿ ಮಲಗಿಸಿ, ಮಂಚವನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ತಳ್ಳಿದರು. ಬಣ್ಣದ ಔಷಧಿ ಒಳಗೆ ಹೋದ ಕೂಡಲೇ ಗಂಟಲಿನಿಂದ ತೊಡೆಯವರೆಗೆ ಬಿಸಿ ಇಳಿಯಿತು. ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅಂತ ನಾಚಿಕೆಯಾಯಿತು. ಹೋಗಿರಲಿಲ್ಲ, ಎಲ್ಲರಿಗೂ ಹಾಗೇ ಅನಿಸುತ್ತದಂತೆ. ಯಂತ್ರದೊಳಗಿನ ಹೆಣ್ಣು ಧ್ವನಿ ಹಿಂದಿಯಲ್ಲಿ ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ ಅನ್ನುತ್ತಿತ್ತು. ಹಿಡಿಯಿರಿ ಅಂದ ಮೇಲೆ ಬಿಡಿ ಅನ್ನುವುದನ್ನು ಮರೆತುಬಿಟ್ಟರೆ ಏನು ಗತಿ ಅಂತ ಯೋಚಿಸುತ್ತಾ ಮಲಗಿದ್ದೆ. ಆಮೇಲೆ ಎಂಆರ್‌ಐ ಕೂಡ ಆಯಿತು. ಅದರ ಸದ್ದು ನಮ್ಮ ಹಳೇ ಗ್ರೈಂಡರಿನೊಳಗೆ ತಲೆ ಇಟ್ಟ ಹಾಗಿತ್ತು.

ಸರ್ಜನ್ ಬಂಗಾಳಿ, ನನ್ನ ವಯಸ್ಸಿನವರೇ. ನಾನು, ಹೆಂಡತಿ, ಅಣ್ಣ ಮೂವರೂ ಅವರ ಮೇಜಿನ ಮುಂದೆ ಕೂತೆವು. ಅವರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ಬಿಳುಪಿನಲ್ಲಿ ನನ್ನ ಹೊಟ್ಟೆಯ ಹೋಳುಗಳು ಒಂದರ ಹಿಂದೆ ಒಂದು ಓಡಿದವು. ಒಂದು ಕಡೆ ನಿಲ್ಲಿಸಿ ಬೆರಳಿಟ್ಟರು. ಮೂಸಂಬಿಯಷ್ಟು ದೊಡ್ಡ ಒಂದು ಉಂಡೆ ಬೆಳ್ಳಗೆ ಹೊಳೆಯುತ್ತಿತ್ತು.

"ನೋಡಿ, ಔಷಧಿ ಹೋದ ಕೂಡಲೇ ತೆಗೆದ ಚಿತ್ರದಲ್ಲಿ ಇದು ಹೊಳೆಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದದ್ದರಲ್ಲಿ ಸುತ್ತಲಿನ ಲಿವರಿಗಿಂತ ಕಪ್ಪಾಗಿದೆ. ಕ್ಯಾನ್ಸರ್ ಹೀಗೆ ಮಾಡುತ್ತದೆ. ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕೂಡ ಸಿಕ್ಕಿದೆ. ಎರಡನ್ನೂ ಸೇರಿಸಿ ನೋಡಿದರೆ, ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ ಮಾಡಬೇಕಾಗಿಯೇ ಇಲ್ಲ."

ನಾನು ಕುಡಿಯುವವನಲ್ಲ, ಬೀಡಿ ಸಿಗರೇಟು ಮುಟ್ಟಿದವನಲ್ಲ. ಇದು ಎಲ್ಲಿಂದ ಬಂತು ಅಂತ ಕೇಳಿದೆ.

"ಹೆಚ್ಚಾಗಿ ಹುಟ್ಟುವಾಗ ತಾಯಿಯಿಂದಲೇ ಬಂದಿರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ತಾಯಿ ಹೇಗೆ ಹೋದರು?"

ಹೇಳಿದೆ. ಅವರು ತಲೆ ಆಡಿಸಿದರು.

"ಮೊದಲೇ ಗೊತ್ತಿದ್ದರೆ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸೋನೋಗ್ರಫಿ, ಇಷ್ಟರಲ್ಲೇ ಇರುತ್ತಿತ್ತು. ಗಂಟು ಬಂದರೂ ನೆಲಗಡಲೆಯಷ್ಟಿರುವಾಗಲೇ ಹಿಡಿಯಬಹುದಿತ್ತು. ಇರಲಿ. ಒಡಹುಟ್ಟಿದವರು ಯಾರಿದ್ದಾರೆ? ಪರೀಕ್ಷೆ ಮಾಡಿಸಿಕೊಂಡಿದ್ದಾರಾ?"

ನಾನು ಪಕ್ಕದಲ್ಲಿದ್ದ ಅಣ್ಣನನ್ನು ತೋರಿಸಿದೆ. ಅಣ್ಣ ಪರದೆಯನ್ನೇ ನೋಡುತ್ತಾ, "ಇಲ್ಲ ಡಾಕ್ಟರ್. ಮಾಡಿಸ್ತೇವೆ," ಅಂದ.

ಹೊರಗೆ ಬಂದ ಮೇಲೆ ಅಣ್ಣ ಅತ್ತ. ಆಸ್ಪತ್ರೆಯ ಕಾರಿಡಾರಿನಲ್ಲಿ, ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು, ದೊಡ್ಡ ಧ್ವನಿಯಲ್ಲಿ ಅತ್ತ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ಕ್ಯಾನ್ಸರ್ ನನಗೆ, ಸಮಾಧಾನ ಹೇಳಿದ್ದು ನಾನು ಅವನಿಗೆ. "ಎಂತ ಆಗುವುದಿಲ್ಲ ಅಣ್ಣ, ಕತ್ತರಿಸಿ ತೆಗೀತಾರಂತೆ," ಅಂತ ಬೆನ್ನು ಸವರಿದೆ. ಆ ಬೆನ್ನು ಸವರಿದ ಕೈಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕತ್ತರಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಗಂಟು ಲಿವರಿನ ಬಲಭಾಗದಲ್ಲಿತ್ತು. ಬಲಭಾಗವನ್ನು ಪೂರ್ತಿ ತೆಗೆದರೆ ಉಳಿಯುವ ಎಡಭಾಗ ಎಷ್ಟು ಅಂತ ಸಿಟಿಯ ಚಿತ್ರಗಳಿಂದ ಅಳೆದಿದ್ದರು. ಅದು ನನ್ನ ಮೈಗೆ ಸಾಲದಷ್ಟು ಚಿಕ್ಕದಾಗಿತ್ತು. ಸರ್ಜನ್ ಒಂದು ಉಪಾಯ ಹೇಳಿದರು. ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದ ಬಲಗವಲನ್ನು ಮುಚ್ಚಿಬಿಡುವುದು. ಆಗ ರಕ್ತವೆಲ್ಲ ಎಡಕ್ಕೆ ಹರಿದು ಎಡಭಾಗ ಬೆಳೆಯುತ್ತದೆ. ಕೆಲವು ವಾರ ಕಾದು ಮತ್ತೆ ಸಿಟಿ. ಬೆಳೆದಿದ್ದರೆ ಆಪರೇಶನ್. ಬೆಳೆಯದಿದ್ದರೆ ಆಗ ನೋಡೋಣ ಅಂದರು. ಆಗ ಏನು ನೋಡುವುದು ಅಂತ ನಾನು ಕೇಳಲಿಲ್ಲ.

ಅದಕ್ಕಿಂತ ಮೊದಲು, ಆಪರೇಶನ್ನನ್ನು ನನ್ನ ಹೃದಯ ತಾಳುತ್ತದೋ ಅಂತ ನೋಡಲು ಎದೆಯ ಎಕೋ ಮಾಡಿಸಬೇಕಿತ್ತು. ಆಸ್ಪತ್ರೆಯಲ್ಲಿ ಆ ವಾರ ಸರದಿ ಸಿಗಲಿಲ್ಲ. ಎಲ್ಲಿ ಮಾಡಿಸಿದರೂ ಆದೀತು ಅಂದರು. ಹೆಂಡತಿ ಯಾರನ್ನೂ ಕೇಳದೆ ಬೆಹಾಲಾದ ಆ ಹತ್ತಿರದ ಸೆಂಟರಿನಲ್ಲಿ ಹೆಸರು ಕೊಟ್ಟಳು. ಅಣ್ಣನಿಗೆ ಗೊತ್ತಾದಾಗ ಸಿಟ್ಟು ಮಾಡಿಕೊಂಡ. ಆದರೂ ಆ ಬೆಳಿಗ್ಗೆ ಕಾರು ತೆಗೆದ. ನೀವು ಹೋಗಿ ಬನ್ನಿ, ನಾನು ಕಾರಿನಲ್ಲೇ ಕೂತಿರ್ತೇನೆ ಅಂದ.

ಮೆಟ್ಟಿಲು ಹತ್ತುವಾಗ ನನಗೆ ತಲೆ ತಿರುಗಿತು. ಹೆಂಡತಿ ಕೂಗಿದಳು. ಅಣ್ಣ ಕಾರಿನ ಬಾಗಿಲು ಹಾಕದೆ ಓಡಿ ಬಂದು, ನನ್ನ ತೋಳಿನಡಿ ಕೈ ಹಾಕಿ, ಹೊತ್ತ ಹಾಗೆ ಒಳಗೆ ಕರಕೊಂಡು ಬಂದು ಕೂರಿಸಿದ.

ಕೌಂಟರಿನಲ್ಲಿ ಕೂತ ಹೆಂಗಸು ತಲೆ ಎತ್ತಿ ನೋಡಿ ನಕ್ಕಳು.

"ಆರೇ ದಾದಾ! ನಿಮ್ಮದು ಪೂಜೆಗೆ ಮುಂಚೆ ಆಗಿಹೋಯಿತಲ್ಲ. ಇಷ್ಟು ಬೇಗ ಮತ್ತೆ ಲಿವರ್ ತೋರಿಸ್ಲಿಕ್ಕೆ ಬಂದ್ರಾ?" ಅಂತ ಬಂಗಾಳಿಯಲ್ಲಿ ಕೇಳಿದಳು.

ಅಣ್ಣ ಬಾಗಿಲ ಕಡೆ ತಿರುಗಿದ. ಅವಳು ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

"ಇವರು ತಮ್ಮನಾ? ಒಂದೇ ಅಚ್ಚು! ನೀವೂ ನಿಮ್ಮ ದಾದಾನನ್ನು ನೋಡಿ ಕಲಿಯಬೇಕು. ಆರು ತಿಂಗಳು ಅಂದರೆ ಆರು ತಿಂಗಳು. ಇಷ್ಟು ವರ್ಷದಲ್ಲಿ ಒಂದು ಸಲ ತಪ್ಪಿಸಿದವರಲ್ಲ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಪರಿಚಯದ ಗಿರಾಕಿಯನ್ನು ನಾನೂ ಗಲ್ಲಾದಿಂದ ಹಾಗೇ ಮಾತಾಡಿಸುತ್ತೇನೆ.

ಮೊದಲು ಅರ್ಥವಾದದ್ದು ಹೆಂಡತಿಗೆ. ಅವಳು ನಿಧಾನಕ್ಕೆ ತಿರುಗಿ, "ಭಾವ?" ಅಂದಳು. ಅಷ್ಟೆ. ಅಣ್ಣ ನೆಲ ನೋಡುತ್ತಾ ಹೊರಗೆ ಹೋದ.

ನನ್ನ ಹೆಸರು ಕರೆದರು. ಎಡಮಗ್ಗುಲಾಗಿ ಮಲಗಿಸಿ, ಎದೆಯ ಮೇಲೆ ಅದೇ ತಣ್ಣಗಿನ ಜೆಲ್ ಹಚ್ಚಿದರು. ಪರದೆಯ ಮೇಲೆ ನನ್ನ ಹೃದಯ ಬಾಯಿ ತೆರೆದು ಮುಚ್ಚುತ್ತಿತ್ತು. ಎಕೋ ಮಾಡುತ್ತಿದ್ದ ಡಾಕ್ಟರು, "ಇಷ್ಟು ಜೋರಾಗಿ ಯಾಕೆ ಹೊಡೆಯುತ್ತಿದೆ? ಓಡಿ ಬಂದ್ರಾ?" ಅಂದರು. ನಾನು ಇಲ್ಲ ಅಂದೆ. "ಹೆದರಬೇಡಿ, ಇದರಲ್ಲಿ ನೋವಿಲ್ಲ," ಅಂದರು.

ವಾಪಸು ಬರುವಾಗ ಮೆಟ್ರೋ ಕಂಬಗಳ ಕೆಳಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಮನೆ ಮುಂದೆ ಇಳಿಯುವಾಗ ಅಣ್ಣ, "ನಾಳೆ ಮಧ್ಯಾಹ್ನ ಹೋಟೆಲಿಗೆ ಬಾ," ಅಂದ.

ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ಕಾಫಿಗೆ ಜನ ಬರುವವರೆಗೆ ನಮ್ಮಲ್ಲಿ ಶಟರ್ ಅರ್ಧ ಇಳಿಸುತ್ತೇವೆ. ಕೆಲಸದವರು ಹಿಂದೆ ಮಲಗಿದ್ದರು. ಅಣ್ಣ ಒಂದು ಮೇಜಿನ ಮುಂದೆ, ಗಿರಾಕಿಯ ಹಾಗೆ ಕೂತಿದ್ದ. ಅವನು ಆ ಕುರ್ಚಿಗಳಲ್ಲಿ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ನಾನು ಎದುರಿಗೆ ಕೂತೆ.

"ಯಾವಾಗಿನಿಂದ ಗೊತ್ತು?" ಅಂದೆ.

"ನಿನ್ನ ಮಗಳು ಸಣ್ಣವಳಿರುವಾಗಿನಿಂದ. ಪಾಡಾದ ಕ್ಲಬ್ಬಿನವರು ರಕ್ತದಾನ ಶಿಬಿರ ಮಾಡಿದ್ರಲ್ಲ, ನಾನು ಕೊಟ್ಟಿದ್ದೆ. ಆಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ನಿಮ್ಮ ರಕ್ತ ಆಗುವುದಿಲ್ಲ, ಬಂದು ಡಾಕ್ಟರನ್ನು ನೋಡಿ ಅಂದ್ರು."

"ಡಾಕ್ಟರು ಎಂತ ಹೇಳಿದ್ರು?"

"ಮಾತ್ರೆ ಕೊಟ್ರು. ಆರು ತಿಂಗಳಿಗೊಮ್ಮೆ ನೋಡಿಸ್ಬೇಕು ಅಂದ್ರು."

"ಮತ್ತೆ?"

ಅಣ್ಣ ಮೇಜಿನ ಮೇಲಿನ ನೀರಿನ ಲೋಟವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ.

"ಅಣ್ಣ, ಮತ್ತೆ ಎಂತ ಹೇಳಿದ್ರು?"

"ಅಮ್ಮನಿಂದ ಬಂದದ್ದು, ತಮ್ಮ ತಂಗಿಗೂ ನೋಡಿಸಿ ಅಂದ್ರು."

ನನಗೆ ಗೊತ್ತಿದ್ದ ಉತ್ತರವೇ. ಅವನ ಬಾಯಿಂದ ಕೇಳುವಾಗ ಮಾತ್ರ ಬೇರೆಯಾಗಿ ಕೇಳಿತು.

"ಯಾಕೆ ಹೇಳ್ಲಿಲ್ಲ?"

"ನಾವು ಅನ್ನ ಬಡಿಸುವವರು ಮಾರಾಯ. ನನ್ನ ಕೈ ಹಿಟ್ಟಿನಲ್ಲಿ, ನಿನ್ನ ಕೈ ತಟ್ಟೆಯಲ್ಲಿ. ಒಬ್ಬನದ್ದಾದ್ರೆ ಮುಚ್ಚಿಡ್ಲಿಕ್ಕೆ ಆಗ್ತದೆ. ಅಣ್ಣತಮ್ಮ ಇಬ್ಬರಿಗೂ ಉಂಟು ಅಂತ ಹೊರಗೆ ಬಂದ್ರೆ ಇಲ್ಲಿ ಯಾರು ಕಾಲಿಡ್ತಾರೆ?"

"ಊಟದಿಂದ ಬರುವುದಿಲ್ಲ ಅಂತ ಡಾಕ್ಟರು ಹೇಳ್ಲಿಲ್ವಾ?"

"ಹೇಳಿದ್ರು. ನಾನು ನಂಬಿದೆ. ಗಿರಾಕಿ ನಂಬ್ತಾನಾ?"

"ಗಿರಾಕಿಗೆ ಬೇಡ. ನನಗೆ ಹೇಳಬಹುದಿತ್ತು."

"ನಿನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನಿನಗೇ ಗೊತ್ತುಂಟು." ಮತ್ತೆ ಅಂದ: "ನಿನಗೆ ಇರಲಿಕ್ಕಿಲ್ಲ ಅಂತ ಅಂದುಕೊಂಡೆ. ನೀನು ಗಟ್ಟಿಮುಟ್ಟಾಗಿದ್ದೆ."

ಆಗ ನನಗೆ ಸಿಯಾಲ್ದಾ ನೆನಪಾಯಿತು. ಕ್ಲಬ್ಬಿನವರು ಪ್ರತಿ ವರ್ಷ ಶಿಬಿರ ಮಾಡುತ್ತಿದ್ದರು. ಮೈಕಿನಲ್ಲಿ ಹಾಡು, ರಕ್ತ ಕೊಟ್ಟವರಿಗೆ ಮೊಟ್ಟೆ, ಬಾಳೆಹಣ್ಣು, ಒಂದು ಟಿಫಿನ್ ಡಬ್ಬಿ. ಅಲ್ಲಿನ ಹುಡುಗರೆಲ್ಲ ನನ್ನ ಸ್ನೇಹಿತರು, ಛೋಡ್ದಾ ಈ ಸಲ ಬರಲೇಬೇಕು ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಪ್ರತಿ ಸಲವೂ ಅದೇ ಭಾನುವಾರ ಬೆಳಿಗ್ಗೆ ಅಣ್ಣನಿಗೆ ಸಿಯಾಲ್ದಾ ಮಾರ್ಕೆಟ್ಟಿನಿಂದ ತರಕಾರಿ ಬೇಕಾಗುತ್ತಿತ್ತು. ಬೇರೆ ಯಾರೂ ಹೋದರೆ ಆಗುವುದಿಲ್ಲ, ನಾನೇ ಹೋಗಬೇಕು. ಕುಂಬಳಕಾಯಿ, ನುಗ್ಗೆ ಹೊರಿಸಿಕೊಂಡು ವಾಪಸು ಬರುವಷ್ಟರಲ್ಲಿ ಶಿಬಿರ ಮುಗಿದಿರುತ್ತಿತ್ತು.

"ಸಿಯಾಲ್ದಾಕ್ಕೆ ಕಳಿಸ್ತಿದ್ದದ್ದು ಅದಕ್ಕಾ?" ಅಂದೆ.

ಅಣ್ಣ ಲೋಟದಡಿಯ ನೀರನ್ನು ಟವಲಿನಿಂದ ಒರೆಸತೊಡಗಿದ.

ಸುಮ್ಮನಿದ್ದದ್ದನ್ನು ನಾನು ಒಂದು ದಿನ ಕ್ಷಮಿಸುತ್ತಿದ್ದೆನೋ ಏನೋ. ಹೆದರಿದವನು ಸುಮ್ಮನಿರುತ್ತಾನೆ. ಆದರೆ ನನ್ನ ದಾರಿಯಲ್ಲೇ ಇದ್ದ ಬಾಗಿಲನ್ನು ವರ್ಷ ವರ್ಷ ನೆನಪಿಟ್ಟು ಮುಚ್ಚಿದ್ದನಲ್ಲ. ನಾನು ತರಕಾರಿ ಇಳಿಸುವಾಗ ಬೆವರು ಒರೆಸಿಕೋ ಅಂತ ಟವಲು ಕೊಡುತ್ತಿದ್ದನಲ್ಲ. ಸಿಯಾಲ್ದಾಕ್ಕೆ ಹೋದ ಆ ಭಾನುವಾರಗಳಲ್ಲಿ ಯಾವುದೋ ಒಂದರಲ್ಲಿ ನನ್ನೊಳಗಿನ ಗಂಟು ನೆಲಗಡಲೆಯಷ್ಟಿತ್ತು. ಅಥವಾ ಇರಲೇ ಇಲ್ಲ.

"ಅಕ್ಕನಿಗೂ ಹೇಳ್ಲಿಲ್ಲ ಅಲ್ವಾ?" ಅಂದೆ.

"ಅವಳ ಗಂಡನ ಮನೆಯವರು ಒಂದು ತರ. ಈಗ ಹೇಳಿ ಅವಳ ಸಂಸಾರ ಕೆಡಿಸ್ಬೇಡ."

ನಾನು ಅಲ್ಲೇ, ಅವನ ಎದುರೇ ಫೋನ್ ತೆಗೆದು ಅಕ್ಕನಿಗೆ ಮಾಡಿದೆ. ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ನನ್ನ ಕಾಯಿಲೆ ಅವಳಿಗೆ ಆಗಲೇ ಗೊತ್ತಿತ್ತು. ಬಿ ವೈರಸ್ಸಿನ ವಿಷಯ ಹೇಳಿ, ನಾಳೆಯೇ ಹೋಗಿ ರಕ್ತ ಕೊಡು ಅಂದೆ. "ಅಣ್ಣನದ್ದೂ ನೋಡಿಸಿದ್ರಾ?" ಅಂತ ಕೇಳಿದಳು. ನಾನು ಅಣ್ಣನ ಮುಖ ನೋಡಿದೆ. "ಅವನಿಗೂ ಉಂಟು. ಅವನಿಗೆ ಮೊದಲೇ ಗೊತ್ತಿತ್ತು," ಅಂದೆ. ಅಣ್ಣ ಎದ್ದು ಅಡುಗೆಮನೆಗೆ ಹೋದ. ಸಂಜೆಯ ಸಾಂಬಾರಿಗೆ ಬೇಳೆ ಹಾಕುವ ಸದ್ದು ಕೇಳಿತು.

ಅಕ್ಕನಿಗೂ ಇತ್ತು. ಆದರೆ ಅವಳ ಲಿವರ್ ಚೆನ್ನಾಗಿತ್ತು, ಸೋನೋಗ್ರಫಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಮಣಿಪಾಲದಲ್ಲಿ ಮಾತ್ರೆ ಶುರು ಮಾಡಿದರು. ಅವಳ ಗಂಡ ಒಂದು ಮಾತೂ ಆಡದೆ ಅವಳನ್ನು ಬೈಕಿನಲ್ಲಿ ಕೂರಿಸಿ ಕರಕೊಂಡು ಹೋಗಿ ಬಂದನಂತೆ.

ನಾಳ ಮುಚ್ಚುವ ಕೆಲಸ ಆಯಿತು. ಅದನ್ನೂ ಪರದೆಯಲ್ಲಿ ನೋಡುತ್ತಲೇ ಮಾಡುತ್ತಾರೆ. ನನಗೆ ಅರೆಮಂಪರು, ಹೆಚ್ಚು ನೆನಪಿಲ್ಲ. ಆಮೇಲೆ ಕಾಯುವ ವಾರಗಳು. ಕಲ್ಕತ್ತದ ಚಳಿ, ಬೀದಿಯಲ್ಲಿ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿಯ ವಾಸನೆ. ನಾನು ಕೆಳಗಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತು, ಒಳಗೆ ಏನಾದರೂ ಬೆಳೆಯುತ್ತಿರುವುದು ಗೊತ್ತಾಗುತ್ತದೋ ಅಂತ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಏನೂ ಗೊತ್ತಾಗುತ್ತಿರಲಿಲ್ಲ.

ಅಣ್ಣ ಮೇಲಿನಿಂದ ಊಟ ಕಳಿಸುತ್ತಿದ್ದ. ಹೆಸರುಬೇಳೆ ತೊವ್ವೆ, ಪನೀರಿನ ಪಲ್ಯ, ಡಾಕ್ಟರು ಹೇಳಿದ್ದೆಲ್ಲ. ನಾನು ಮುಟ್ಟಲಿಲ್ಲ. ಹೆಂಡತಿ ಮೊದಲೆರಡು ಸಲ ಪಾತ್ರೆಯನ್ನು ಹಾಗೇ ವಾಪಸು ಕಳಿಸಿದಳು. ಆಮೇಲೆ ಅತ್ತಿಗೆ ತಾನೇ ಕೆಳಗೆ ಬಂದಳು. ಬಾಗಿಲಲ್ಲೇ ನಿಂತಳು.

"ಹೇಳಿ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಅವರ ತಲೆ ಮೇಲೆ ನನ್ನ ಕೈಯಿಡಿಸಿ ಆಣೆ ಹಾಕಿಸಿದ್ರು."

"ನಿಮಗೂ ಗೊತ್ತಿತ್ತಲ್ಲ ಅತ್ತಿಗೆ," ಅಂದೆ. "ದಿನಾ ನನಗೆ ಕಾಫಿ ಕೊಡುವಾಗ ಗೊತ್ತಿತ್ತು."

ಅವಳು ಅಳುತ್ತಾ ಮೇಲೆ ಹೋದಳು.

ಆ ದಿನಗಳಲ್ಲೇ ಹೆಂಡತಿಗೂ ಮಗಳಿಗೂ ರಕ್ತಪರೀಕ್ಷೆ ಆಯಿತು. ನನ್ನ ಸ್ಕ್ಯಾನಿಗಿಂತ ಹೆಚ್ಚು ನಾನು ಹೆದರಿದ್ದು ಅದಕ್ಕೆ. ಇಬ್ಬರಿಗೂ ಇರಲಿಲ್ಲ. ಹೆಂಡತಿಗೆ ಎಂದೋ ಬಂದು ತಾನಾಗಿ ಹೋದ ಗುರುತು ಇತ್ತು. ಮಗಳ ರಕ್ತದಲ್ಲಿ ಲಸಿಕೆಯ ಬಲ ಇದೆ, ಚಿಕ್ಕವಳಿದ್ದಾಗ ಹಾಕಿಸಿದ್ದೀರಲ್ಲ ಅಂದರು. ನಾವು ಹಾಕಿಸಿರಲಿಲ್ಲ. ಮಗಳು ಕಾಲೇಜಿಗೆ ಹೋಗುವವಳು. ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲೇ. "ದೊಡ್ಡಪ್ಪ ಲೇಕೆ ಗಯೇ ಥೇ," ಅಂದಳು. ದೊಡ್ಡಪ್ಪ ಕರಕೊಂಡು ಹೋಗಿದ್ದ. ಅವನ ಮಕ್ಕಳ ಜೊತೆ ಅವಳನ್ನೂ ಸೇರಿಸಿ ಸೂಜಿ ಹಾಕಿಸಿದ್ದ. ಒಂದು ಸಲ ಅಲ್ಲ, ಮೂರು ಸಲ. ಶಾಲೆಯಲ್ಲಿ ಕೇಳ್ತಾರೆ ಅಂತ ನಮಗೆ ಹೇಳಿದ್ದ. ಹೆಂಡತಿಗೆ ಆಗ ನೆನಪಾಯಿತು. ಪ್ರತಿ ಸಲ ಐಸ್‌ಕ್ರೀಮ್ ತಿನ್ನಿಸಿ ಕರಕೊಂಡು ಬರುತ್ತಿದ್ದನಂತೆ.

ಇದನ್ನು ಎಲ್ಲಿಡಬೇಕು ಅಂತ ನನಗೆ ತಿಳಿಯಲಿಲ್ಲ. ನನ್ನ ಮಗಳನ್ನು ಕಾಪಾಡಿದವನು ಅವನೇ. ನನಗೂ ಯಾಕೆ ಹಾಕಿಸಲಿಲ್ಲ ಅನ್ನುವುದಕ್ಕೆ ಉತ್ತರ ಡಾಕ್ಟರನ್ನು ಕೇಳಿದಾಗ ಸಿಕ್ಕಿತು. ದೊಡ್ಡವರಿಗೆ ಲಸಿಕೆ ಹಾಕುವ ಮೊದಲು ರಕ್ತ ನೋಡುತ್ತಾರೆ. ಅಣ್ಣನಿಗೆ ಬೇಡವಾಗಿದ್ದದ್ದು ಆ ರಕ್ತಪರೀಕ್ಷೆಯ ಉತ್ತರವೇ. ನಿನಗೆ ಇರಲಿಕ್ಕಿಲ್ಲ ಅಂತ ಅಂದುಕೊಂಡೆ ಅಂದನಲ್ಲ, ಅದು ಸುಳ್ಳು. ಇದೆ ಅಂತ ಅವನಿಗೆ ಅನ್ನಿಸಿತ್ತು. ಅದಕ್ಕೇ ಮಗಳಿಗೆ ಹಾಕಿಸಿದ.

ಎರಡನೇ ಸಿಟಿಗೆ ನಾನು ಹೆಂಡತಿ, ಮಗಳ ಜೊತೆ ಟ್ಯಾಕ್ಸಿಯಲ್ಲಿ ಹೋದೆ. ಅಣ್ಣನಿಗೆ ಹೇಳಲಿಲ್ಲ. ಮತ್ತೆ ಅದೇ ಬಿಸಿ, ಅದೇ ಉಸಿರು ಹಿಡಿಯಿರಿ. ಸರ್ಜನ್ ಈ ಸಲ ಪರದೆಯನ್ನು ಎರಡು ಭಾಗ ಮಾಡಿ, ಹಳೆಯ ಚಿತ್ರ ಒಂದು ಕಡೆ, ಹೊಸದು ಇನ್ನೊಂದು ಕಡೆ ಇಟ್ಟರು. ನನ್ನಂಥವನಿಗೂ ಕಾಣುತ್ತಿತ್ತು. ಎಡಕ್ಕೆ ಮುದುಡಿಕೊಂಡಿದ್ದದ್ದು ಈಗ ತುಂಬಿಕೊಂಡು ಹೊಟ್ಟೆಯ ನಡುವಿನವರೆಗೆ ಬಂದಿತ್ತು. ಗಂಟು ಬೇರೆಲ್ಲೂ ಹರಡಿರಲಿಲ್ಲ.

"ಬೆಳೆದಿದೆ. ಸಾಕು. ಮಾಡೋಣ," ಅಂದರು. ಮಗಳು ಪರದೆಯ ಫೋಟೋ ತೆಗೆದುಕೊಂಡಳು, ಯಾಕೋ.

ಹೊರಗೆ ಬಂದರೆ ಕಾರಿಡಾರಿನ ತುದಿಯ ಬೆಂಚಿನಲ್ಲಿ ಅಣ್ಣ ಕೂತಿದ್ದ. ಮಗಳು ಹೇಳಿರಬೇಕು. ಮೆಟ್ರೋ, ಬಸ್ಸು ಹಿಡಿದು ಬಂದಿದ್ದ. ಹತ್ತಿರ ಬರಲಿಲ್ಲ. ಮಗಳು ಹೋಗಿ ಏನೋ ಹೇಳಿದಳು. ಅವನು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ. ನಾನು ಲಿಫ್ಟಿನ ಕಡೆ ನಡೆದೆ.

ಆಪರೇಶನ್ ಇಡೀ ಹಗಲು ನಡೆಯಿತಂತೆ. ನನಗೆ ಎಚ್ಚರವಾದಾಗ ಹೊಟ್ಟೆಗೆ ಅಡ್ಡಲಾಗಿ ಬೆಂಕಿಯಿಟ್ಟ ಹಾಗಿತ್ತು, ಆದರೆ ಆ ಭಾರ ಇರಲಿಲ್ಲ. ಹೊರಗೆ ರಕ್ತ ಬೇಕು ಅಂದಾಗ ಕ್ಲಬ್ಬಿನ ಹುಡುಗರು ಬಂದು ಸಾಲಾಗಿ ಕೊಟ್ಟಿದ್ದರು. ಅಣ್ಣ ಕೊಡುವ ಹಾಗಿರಲಿಲ್ಲ. ಅವರೆಲ್ಲರಿಗೂ ಚಹಾ ತಂದುಕೊಡುತ್ತಾ ಓಡಾಡುತ್ತಿದ್ದ ಅಂತ ಹೆಂಡತಿ ಹೇಳಿದಳು.

ಬೇಸಿಗೆ ಬರುವ ಹೊತ್ತಿಗೆ ನಾನು ಮತ್ತೆ ಗಲ್ಲಾದಲ್ಲಿ ಕೂರತೊಡಗಿದೆ. ಹಳೆಯ ಗಿರಾಕಿಯೊಬ್ಬರು, ಬ್ಯಾಂಕಿನಿಂದ ರಿಟೈರಾದ ಬಂಗಾಳಿ ಮುದುಕರು, ನನ್ನ ಇಳಿದುಹೋದ ಮುಖ ನೋಡಿ ಏನಾಯಿತು ಅಂತ ಕೇಳಿದರು. ಗಾಲ್‌ಬ್ಲಾಡರ್ ಅಂತ ಹೇಳು ಅಂತ ಅಣ್ಣ ಅತ್ತಿಗೆಯ ಕೈಲಿ ಹೇಳಿ ಕಳಿಸಿದ್ದ. ನಾನು ಇದ್ದದ್ದನ್ನು ಹೇಳಿದೆ. ಲಿವರ್ ಕ್ಯಾನ್ಸರ್, ಹೆಪಟೈಟಿಸ್ ಬಿ, ಅಮ್ಮನಿಂದ ಬಂದದ್ದು. ಎದುರು ಮೇಜಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಸಟ್ಟುಗ ಉಜ್ಜುವ ಸದ್ದು ನಿಂತಿತು.

ಮುದುಕರು ನಾಲಿಗೆ ಲೊಚಗುಟ್ಟಿದರು. "ನನ್ನ ಭಾವಮೈದುನನಿಗೂ ಬಿ ಇದೆ. ಮಾತ್ರೆ ತಿಂದುಕೊಂಡು ಆರಾಮಾಗಿದ್ದಾನೆ. ನಿಮಗೆ ಯಾರೂ ಮೊದಲೇ ಹೇಳಲಿಲ್ಲವಾ?" ಅಂದರು. ಆಮೇಲೆ ಇನ್ನೊಂದು ಕಾಫಿ ತರಿಸಿಕೊಂಡು ಕುಡಿದರು.

ಒಂದು ಕುಟುಂಬ ಬರುವುದನ್ನು ನಿಲ್ಲಿಸಿತು. ಅದು ಇದಕ್ಕೇ ಇರಬಹುದು, ಮನೆ ಬದಲಿಸಿದ್ದಕ್ಕೂ ಇರಬಹುದು. ಉಳಿದವರೆಲ್ಲ ಬರುತ್ತಿದ್ದಾರೆ. ಭಾನುವಾರ ಈಗಲೂ ಹೊರಗೆ ನಿಂತು ಕಾಯುತ್ತಾರೆ. ಇದು ನನಗೆ ಸಮಾಧಾನ ಕೊಡಬೇಕಿತ್ತು. ಬದಲಿಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇವರು ಎದ್ದುಹೋಗಿಬಿಡುತ್ತಾರೆ ಅನ್ನುವ ಒಂದು ಹೆದರಿಕೆಗೆ ಅಣ್ಣ ನನ್ನನ್ನು ಕೊಟ್ಟುಬಿಟ್ಟಿದ್ದ. ಅವರು ಎದ್ದು ಹೋಗಲೇ ಇಲ್ಲ. ಒಂದು ಸಲ ಅಣ್ಣನಿಗೆ ಇದನ್ನೇ ಹೇಳಿದೆ. "ಈಗಿನ ಕಾಲ ಬೇರೆ, ಆಗ ಹಾಗಿರ್ಲಿಲ್ಲ," ಅಂದ. ತಪ್ಪಾಯ್ತು ಅಂತ ಅವನು ಈವರೆಗೆ ಹೇಳಿಲ್ಲ.

ಈಗ ಕೆಲವು ತಿಂಗಳಿಗೊಮ್ಮೆ ನಾನು ಸ್ಕ್ಯಾನಿಗೆ ಹೋಗಬೇಕು. ಇದುವರೆಗೆ ಏನೂ ಕಂಡಿಲ್ಲ. ಹೋದ ತಿಂಗಳು ಅಣ್ಣ ಅಡುಗೆಮನೆಯ ಬಾಗಿಲಿಗೆ ಬಂದು, ಕೈ ಒರೆಸಿಕೊಳ್ಳುತ್ತಾ, "ನಂದೂ ಸ್ಕ್ಯಾನ್ ಬಂತು ಮಾರಾಯ. ಇಬ್ಬರದ್ದೂ ಒಂದೇ ದಿನ ಇಟ್ಕೊಳ್ಳುವಾ?" ಅಂತ ಕೇಳಿದ. ಬೇಡ ಅಂದೆ. ಆದರೂ ನನ್ನ ಸ್ಕ್ಯಾನಿನ ದಿನ ಬೆಳಿಗ್ಗೆ ಅವನು ಕಾರು ತೆಗೆದು ಗೇಟಿನ ಮುಂದೆ ನಿಲ್ಲಿಸಿದ್ದ. ನಾನು ಹೋಗಿ ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತೆ. ಮೊದಲೆಲ್ಲ ಮುಂದೆ, ಅವನ ಪಕ್ಕದಲ್ಲಿ ಕೂರುತ್ತಿದ್ದೆ. ಅವನು ಸ್ವಲ್ಪ ಹೊತ್ತು ಕನ್ನಡಿಯಲ್ಲಿ ನೋಡಿದ. ಆಮೇಲೆ ಕಾರು ಹೊರಡಿಸಿದ.